ಇಶಾಪುರದ ತ್ರೀ-ನಾಟ್-ತ್ರೀಗೆ ಗನ್ ಶೋನಲ್ಲಿ ಮರ ಹುಡುಕಿದ್ದು

ಗನ್ ಶೋನಲ್ಲಿ, ಅಂದರೆ ಕೋವಿ ಮತ್ತು ಅದರ ಸಾಮಾನು ಮಾರುವ ಜಾತ್ರೆಯಲ್ಲಿ, ಹಳೇ ಮಿಲಿಟರಿ ರೈಫಲ್‌ನ ಮರ ಕಂಡರೆ ಹೆಚ್ಚಿನವರು ಮೊದಲು ಹೊರಮೈ ಸವರಿ ನೋಡುತ್ತಾರೆ. ಹೊಳಪಿದ್ದರೆ ಮನಸ್ಸು ಅಲ್ಲೇ ಕೂತುಬಿಡುತ್ತದೆ. ಲೀ-ಎನ್‌ಫೀಲ್ಡ್, ಅಂದರೆ ನಮ್ಮ ಕಡೆ ತ್ರೀ-ನಾಟ್-ತ್ರೀ ಅನ್ನುವ .303 ರೈಫಲ್ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮರವನ್ನು ಮಗುಚಿ, ಒಳಗೆ ಟಾರ್ಚ್ ಬಿಟ್ಟು ನೋಡಬೇಕು. ದುಡ್ಡು ಕೊಡಬೇಕೋ ಬೇಡವೋ ಎನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ.

ನಾನು ಹುಬ್ಬಳ್ಳಿಯವನು, ಈಗ ಡಲ್ಲಾಸ್ ಹತ್ತಿರ ಇದ್ದೇನೆ. ಕಾಲೇಜಿನಲ್ಲಿ ಎನ್‌ಸಿಸಿ ಮಾಡುವಾಗ ಡ್ರಿಲ್‌ಗೆ ತ್ರೀ-ನಾಟ್-ತ್ರೀ ಹೆಗಲ ಮೇಲೆ ಹೊತ್ತವನು. ಹತ್ತಿರ ಹತ್ತಿರ ನಾಲ್ಕು ಕೆ.ಜಿ. ತೂಕ. ಆಗ ಅದು ಬರೀ ಭಾರ ಅನಿಸಿತ್ತು ಅಷ್ಟೇ. ಎಷ್ಟೋ ವರ್ಷದ ಮೇಲೆ ಇಲ್ಲಿನ ಒಂದು ಅಂಗಡಿಯ ಮೂಲೆಯಲ್ಲಿ ಅದೇ ಜಾತಿಯ ರೈಫಲ್ ಕಂಡಿತು. ಬಟ್, ಅಂದರೆ ಹೆಗಲಿಗೆ ಒತ್ತುವ ಹಿಂದಿನ ಮರ, ಕೂರುವ ಕಬ್ಬಿಣದ ಬಲಮಗ್ಗುಲಲ್ಲಿ ಕಿರೀಟ, ಅದರ ಕೆಳಗೆ ದೊರೆ ಜಾರ್ಜ್‌ನ ಮುದ್ರಾಕ್ಷರ ಜಿ.ಆರ್.ಐ., ಇಶಾಪುರ, 1943. ಕೋಲ್ಕತ್ತದ ಮೇಲ್ಗಡೆ ಹೂಗ್ಲಿ ದಂಡೆಯ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು ಟೆಕ್ಸಾಸ್‌ನ ಅಂಗಡಿಯಲ್ಲಿ ಅರ್ಧ ಮೈ ಕಳೆದುಕೊಂಡು ನಿಂತಿತ್ತು. ತಗೊಂಡೆ.

ಅರ್ಧ ಮೈ ಅಂದದ್ದು ಯಾಕೆಂದರೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್‌ಪ್ಲಸ್ ರೈಫಲ್‌ಗಳು ಅಮೆರಿಕದಲ್ಲಿ ರಾಶಿ ರಾಶಿ ಬಂದವು, ಅಗ್ಗಕ್ಕೆ ಮಾರಿಹೋದವು. ಕೊಂಡವರು ಜಿಂಕೆ ಬೇಟೆಗೆ ಹಗುರ ಆಗಲಿ ಅಂತ ಮುಂಭಾಗದ ಮರವನ್ನು ಗರಗಸದಿಂದ ಕೊಯ್ದರು. ಮೂತಿಗೆ ಕೂರುವ ಕಬ್ಬಿಣದ ನೋಸ್‌ಕ್ಯಾಪ್, ಮರವನ್ನು ನಳಿಗೆಗೆ ಹಿಡಿದಿಡುವ ಬ್ಯಾಂಡು, ನಳಿಗೆಯ ಮೇಲೆ ಮುಚ್ಚುವ ಮರವಾದ ಮುಂದಿನ ಹ್ಯಾಂಡ್‌ಗಾರ್ಡ್ ಎಲ್ಲ ಕಸಕ್ಕೆ ಹೋದವು. ಇದಕ್ಕೆ ಇಲ್ಲಿ ಸ್ಪೋರ್ಟರ್ ಮಾಡುವುದು ಅನ್ನುತ್ತಾರೆ. ಆ ಕಾಲದವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರಿಗೆ ಅದು ಇತಿಹಾಸ ಆಗಿರಲಿಲ್ಲ, ಚೌಕಾಸಿಯಲ್ಲಿ ಸಿಕ್ಕ ಬೇಟೆ ಕೋವಿ. ಆದರೆ ಇವತ್ತು ಕಬ್ಬಿಣ ಬೇಕಾದಷ್ಟು ಸಿಗುತ್ತದೆ, ಉದ್ದನೆಯ ಮಿಲಿಟರಿ ಮರ ಸಿಗುವುದಿಲ್ಲ. ಅದಕ್ಕೇ ಈ ಓಡಾಟ.

ಇಂಥ ರೈಫಲ್ ಕೊಳ್ಳುವ ಮೊದಲು ಬ್ಯಾರಲ್, ಅಂದರೆ ನಳಿಗೆ, ಅಳೆಯಲೇಬೇಕು. ಬೋಲ್ಟ್ (ಹಿಂದೆ ಮುಂದೆ ಜಾರಿ ನಳಿಗೆಯ ಹಿಂಬಾಯಿ ಮುಚ್ಚುವ ಕಬ್ಬಿಣ) ಮುಚ್ಚಿ, ನಳಿಗೆಯ ಬಾಯಿಂದ ಒಂದು ಮರದ ಕೋಲು ಇಳಿಸಿ, ಅಂಚಿಗೆ ಗುರುತು ಹಾಕಿಕೊಳ್ಳಿ. ರೈಫಲ್ ಖಾಲಿ ಇದೆ ಅಂತ ಕಣ್ಣಾರೆ ನೋಡಿದ ಮೇಲೆ ಇದೆಲ್ಲ. ಆ ಅಳತೆ 25.2 ಇಂಚು ಬಂದರೆ ಬ್ಯಾರಲ್ ಪೂರ್ತಿ ಇದೆ. ಕಡಿಮೆ ಬಂದರೆ ಬ್ಯಾರಲ್ಲನ್ನೂ ಕೊಯ್ದಿದ್ದಾರೆ, ಬಿಟ್ಟು ಮುಂದೆ ನಡೆಯಿರಿ. ನನ್ನದು ಪೂರ್ತಿ ಇತ್ತು, ಗುರಿ ಹಿಡಿಯುವ ಮುಂದಿನ ಸೈಟೂ ಅದರ ಜಾಗದಲ್ಲೇ ಇತ್ತು.

ಇಲ್ಲಿರುವ ನಮ್ಮ ಜನಕ್ಕೆ ಕಾನೂನಿನ ಒಂದೆರಡು ಮಾತು. ಅಮೆರಿಕದ ಫೆಡರಲ್ ಕಾನೂನಿನ ಕಣ್ಣಿಗೆ ರಿಸೀವರ್, ಅಂದರೆ ಬ್ಯಾರಲ್ ಸೇರುವ, ಬೋಲ್ಟ್ ಓಡಾಡುವ ಕಬ್ಬಿಣದ ಮೈ, ಮಾತ್ರ ಗನ್. ಮರ, ಬ್ಯಾಂಡು, ಸ್ಕ್ರೂ ಇವೆಲ್ಲ ಬರೀ ಬಿಡಿಭಾಗ, ಕೊಳ್ಳುವುದಕ್ಕೆ ಫಾರಂ ತುಂಬಬೇಕಿಲ್ಲ. ಆದರೆ ಎಚ್-1ಬಿ ತರಹದ ವೀಸಾದಲ್ಲಿರುವವರು ಗನ್ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಅಷ್ಟೇ. ನಾನು ಗ್ರೀನ್ ಕಾರ್ಡ್ ಬರುವ ತನಕ ಮುಟ್ಟಲಿಲ್ಲ. ಇನ್ನೊಂದು ಮಾತು, ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಒಂದು ಸ್ಕ್ರೂ ಕೂಡ ಹಾಕಿಕೊಳ್ಳಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಗೆಳೆಯರಿಗೆ ತೋರಿಸಬೇಕಾದರೆ ಫೋಟೋ ಸಾಕು.

ಮರ ಹುಡುಕಲು ನಾನು ಹೋಗುವುದು ಒಕ್ಲಹೋಮಾದ ಟಲ್ಸಾಗೆ. ಡಲ್ಲಾಸ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಏಪ್ರಿಲ್‌ನಲ್ಲಿ ಒಂದು ಸಲ, ನವೆಂಬರ್‌ನಲ್ಲಿ ಒಂದು ಸಲ ಅಲ್ಲಿ ವಾನನ್‌ಮೇಕರ್ ಶೋ ನಡೆಯುತ್ತದೆ. ಹೊರಗೆ ಗೋಲ್ಡನ್ ಡ್ರಿಲ್ಲರ್ ಅನ್ನುವ ಎಣ್ಣೆ ಬಾವಿ ಕೆಲಸಗಾರನ ದೈತ್ಯ ಪ್ರತಿಮೆ, ಒಳಗೆ ಒಂದೇ ಸೂರಿನಡಿ ನಾಲ್ಕು ಸಾವಿರಕ್ಕೂ ಜಾಸ್ತಿ ಟೇಬಲ್. ಎರಡು ದಿನ ಸುತ್ತಿದರೂ ಎಲ್ಲ ನೋಡಿ ಮುಗಿಸುವುದು ಕಷ್ಟ. ಹೊಸ ಪಿಸ್ತೂಲು, ಚಾಕು, ಒಣಗಿದ ಮಾಂಸದ ತಿಂಡಿ ಮಾರುವ ಸಾಲುಗಳನ್ನು ನಾನು ಕಣ್ಣೆತ್ತಿಯೂ ನೋಡುವುದಿಲ್ಲ. ಗೋಡೆ ಪಕ್ಕ ವಯಸ್ಸಾದವರು ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಟೇಬಲ್ ಕೆಳಗೆ ರಟ್ಟಿನ ಡಬ್ಬ, ಪ್ಲಾಸ್ಟಿಕ್ ಬುಟ್ಟಿ ತಳ್ಳಿಕೊಂಡು, ನನ್ನ ಸಾಮಾನು ಇರುವುದು ಅಲ್ಲಿ. ಟೇಬಲ್ ಮೇಲಿನದಕ್ಕೆ ಬೆಲೆ ಚೀಟಿ ಇರುತ್ತದೆ. ಕೆಳಗಿನದಕ್ಕೆ ಮಾತುಕತೆ ಇರುತ್ತದೆ.

ಬರಿಗೈಲಿ ಹೋಗಬಾರದು. ನನ್ನ ಚೀಲದಲ್ಲಿ ಟಾರ್ಚ್, ಸ್ಟೀಲ್ ಸ್ಕೇಲ್, ಒಂದು ಹಳೇ ಕಿಂಗ್ ಸ್ಕ್ರೂ ಇರುತ್ತವೆ. ಮರದ ಹಿಂಬದಿ ಮತ್ತು ಟ್ರಿಗರ್ ಗಾರ್ಡನ್ನು ರಿಸೀವರ್‌ಗೆ ಬಿಗಿಯುವ ಮುಖ್ಯ ಸ್ಕ್ರೂ ಅದು. ಎನ್‌ಫೀಲ್ಡ್ ಸ್ಕ್ರೂಗಳ ತ್ರೆಡ್ಡೇ ಬೇರೆ, ಹಾರ್ಡ್‌ವೇರ್ ಅಂಗಡಿಯದು ಯಾವುದೂ ಕೂರುವುದಿಲ್ಲ. ಹಾಗಾಗಿ ಬುಟ್ಟಿಯ ತಳದಲ್ಲಿ ತುಕ್ಕು ಹಿಡಿದ ಸ್ಕ್ರೂ ಕಂಡರೂ ನಾನು ಎತ್ತಿಟ್ಟುಕೊಳ್ಳುತ್ತೇನೆ. ಬಹಳ ಜನ ಮರೆಯುವುದು ಎರಡು ಚಿಕ್ಕ ಸಾಮಾನನ್ನು. ಒಂದು, ಒಳಗಿನ ಬ್ಯಾಂಡಿನ ಸ್ಪ್ರಿಂಗ್ ಮತ್ತು ಸ್ಕ್ರೂ. ಇನ್ನೊಂದು, ಮರದ ಮುಂತುದಿಯ ಗುಳಿಯಲ್ಲಿ ಕೂತು ಬ್ಯಾರಲ್ಲನ್ನು ಕೆಳಗಿಂದ ತಳ್ಳುವ ಬೆರಳ ತುದಿಯಷ್ಟಿರುವ ಸ್ಟಡ್ಡು, ಅದರ ಸ್ಪ್ರಿಂಗು. ಇವಿಲ್ಲದೆ ರೈಫಲ್ ನೋಡಲು ಪೂರ್ತಿ ಕಾಣುತ್ತದೆ, ಹೊಡೆತ ಮಾತ್ರ ಎಲ್ಲೆಲ್ಲೋ ಹೋಗುತ್ತದೆ.

ನನ್ನ ಮರ ಸಿಕ್ಕಿದ್ದು ಭಾನುವಾರ ಮಧ್ಯಾಹ್ನ, ಜನ ಗಂಟು ಕಟ್ಟುವ ಹೊತ್ತಿಗೆ. ಶನಿವಾರ ಬೆಳಗ್ಗೆ ಒಳ್ಳೇ ಮಾಲು ಹೋಗುತ್ತದೆ, ಭಾನುವಾರ ಮಧ್ಯಾಹ್ನ ಒಳ್ಳೇ ಬೆಲೆ ಬರುತ್ತದೆ. ಎಲ್ಲೋ ಮಧ್ಯೆ ನಾವು ಪಾಸಾಗಬೇಕು. ಕಪ್ಪಗೆ, ಜಿಡ್ಡು ಹಿಡಿದ ಫೋರೆಂಡ್ ಅದು, ಅಂದರೆ ಬ್ಯಾರಲ್ ಕೆಳಗೆ ಉದ್ದಕ್ಕೂ ಬರುವ ಮರ. ಅದರ ಅಡ್ಡಕ್ಕೆ ಒಂದು ಸ್ಕ್ರೂ ಹೊಡೆದಿತ್ತು. ಮರ ಸೀಳದಿರಲಿ ಅಂತ ಭಾರತದಲ್ಲಿ ಹಾಕುತ್ತಿದ್ದ ಸ್ಕ್ರೂ, ಇಲ್ಲಿನ ಸಂಗ್ರಾಹಕರು ಇಷಿ ಸ್ಕ್ರೂ ಅನ್ನುತ್ತಾರೆ. ನೋಡಿದ ಕೂಡಲೇ ನನ್ನ ರೈಫಲ್‌ನ ನೆಂಟಸ್ತನ ಗೊತ್ತಾಯಿತು. ಟೇಬಲ್ಲಿನ ಯಜಮಾನರು ಪಕ್ಕದಲ್ಲಿದ್ದ ಹೊಸ ವಾಲ್‌ನಟ್ ಮರ ತೋರಿಸಿ, ಇದನ್ನು ತಗೊಳ್ಳಿ, ಕನ್ನಡಿ ತರಹ ಇದೆ ಅಂದರು. ಅದು ಈಚೆಗೆ ಮಾಡಿದ ನಕಲು. ಒಂದು ಮುದ್ರೆಯೂ ಇಲ್ಲ, ಒಳಗಿನ ಕೆತ್ತನೆಯೂ ಅರೆಬರೆ. ನಾನು ಕಪ್ಪು ಮರವನ್ನೇ ಮಗುಚಿ ಟಾರ್ಚ್ ಬಿಟ್ಟೆ. ಅವರು ನಕ್ಕು, ಓ, ನಿಮಗೆ ಗೊತ್ತಿದೆ ಹಾಗಾದರೆ, ಅಂದರು. ಆಮೇಲೆ ಬೆಲೆ ಇಳಿಯಿತೋ ಏರಿತೋ ಹೇಳುವುದಿಲ್ಲ!

ಏನು ನೋಡಿದೆ? ಮ್ಯಾಗಜೀನ್ ಕೂರುವ ತೂತಿನ ಹಿಂಭಾಗದಲ್ಲಿ ಒಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಮೇಲ್ಮೈ ಇವೆ. ಇವಕ್ಕೆ ಡ್ರಾ ಅನ್ನುತ್ತಾರೆ. ಗುಂಡು ಹಾರಿದಾಗ ರಿಸೀವರ್ ಹಿಂದಕ್ಕೆ ಒದೆಯುತ್ತದಲ್ಲ, ಆ ಏಟನ್ನು ಮರದಲ್ಲಿ ತಡೆಯುವುದು ಈ ಎರಡು ಜಾಗ ಮಾತ್ರ. ವರ್ಷಗಟ್ಟಲೆ ಎಣ್ಣೆ ಕುಡಿದು ಅವು ಮೆತ್ತಗಾಗುತ್ತವೆ, ಕುಸಿಯುತ್ತವೆ. ಆಗ ಏಟು ಮರದ ಹಿಂತುದಿಗೆ ಬೀಳುತ್ತದೆ, ಮರ ಸೀಳುತ್ತದೆ. ನನ್ನ ಫೋರೆಂಡ್‌ನಲ್ಲಿ ಎಡಗಡೆಯದು ಉಗುರಿಗೆ ಗಟ್ಟಿ ಇತ್ತು. ಬಲಗಡೆ ಉಗುರು ಒತ್ತಿದರೆ ಗುರುತು ಬಿತ್ತು. ಹಿಂತುದಿಯಲ್ಲಿ ಸೀಳು ಇರಲಿಲ್ಲ. ಇಷ್ಟು ಗೊತ್ತಾದರೆ ಸಾಕು, ಉಳಿದದ್ದು ಕೈಕೆಲಸ.

ನೋಸ್‌ಕ್ಯಾಪ್ ಬೇರೆ ಟೇಬಲ್ಲಿನಲ್ಲಿ ಸಿಕ್ಕಿತು, ಬೇರೆ ಯಾವುದೋ ರೈಫಲ್ಲಿನ ನಂಬರ್ ಹೊತ್ತುಕೊಂಡು. ಕೆಲವರು ಆ ನಂಬರನ್ನು ಅರದಿಂದ ಉಜ್ಜಿ ತಮ್ಮ ನಂಬರ್ ಹೊಡೆಯುತ್ತಾರೆ. ನನ್ನ ಪ್ರಕಾರ ಅದು ಸುಳ್ಳು ಸಾಕ್ಷಿ. ನಾನು ಹಾಗೇ ಬಿಟ್ಟಿದ್ದೇನೆ. ಹಿಂದಿನ ಹ್ಯಾಂಡ್‌ಗಾರ್ಡ್ ಹುಡುಕುವುದು ಇನ್ನೂ ತಲೆನೋವು. ಹಿಂದಿನ ಸೈಟಿನ ಎರಡೂ ಪಕ್ಕ ಬರುವ ತೆಳ್ಳನೆಯ ಕಿವಿಗಳು ಮುರಿಯದೇ ಇರುವುದು ಅಪರೂಪ.

ಕಬ್ಬಿಣದ ಕೆಲಸ ಸಲೀಸು. ನೋಸ್‌ಕ್ಯಾಪ್ ಮತ್ತು ಬ್ಯಾಂಡಿನ ಕೆಂಪು ತುಕ್ಕನ್ನು ನಾನು ಕೆರೆಯುವುದಿಲ್ಲ. ಹಳೇ ಪಾತ್ರೆಯೊಂದರಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಅರ್ಧ ಗಂಟೆ ಕುದಿಸುತ್ತೇನೆ. ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಆಮೇಲೆ ತೀರಾ ನಯವಾದ ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿ, ಬಿಸಿ ಇರುವಾಗಲೇ ಎಣ್ಣೆ ಸವರಿದರೆ ಆಯಿತು. ಹಳೆಯ ಬಣ್ಣ ಹಳೆಯದಾಗಿಯೇ ಉಳಿಯುತ್ತದೆ.

ಮರಕ್ಕೆ ಸ್ಯಾಂಡ್‌ಪೇಪರ್ ತಾಗಿಸಲೇಬೇಡಿ. ಮುದ್ರೆ, ಅಂಚು ಎಲ್ಲ ಹೋಗುತ್ತವೆ. ಕಬ್ಬಿಣ ಮತ್ತು ಮರ ಸೇರುವ ಕಡೆ ತಗ್ಗಾಗುತ್ತದೆ. ಮೇಲಿನ ಜಿಡ್ಡು ತೆಗೆಯಲು ಮಿನರಲ್ ಸ್ಪಿರಿಟ್ ಸಾಕು. ಒಳಗೆ ಕುಡಿದ ಎಣ್ಣೆ ತೆಗೆಯಲು ಟೆಕ್ಸಾಸ್ ಬಿಸಿಲಿಗಿಂತ ಒಳ್ಳೆಯದಿಲ್ಲ. ಕಪ್ಪು ಕಸದ ಚೀಲದಲ್ಲಿ ಪೇಪರ್ ಟವೆಲ್ ಸುತ್ತಿ ಆಗಸ್ಟ್ ತಿಂಗಳಲ್ಲಿ ಅಂಗಳದಲ್ಲಿ ಇಟ್ಟರೆ ಕಂದು ಎಣ್ಣೆ ಬೆವರಿನ ಹಾಗೆ ಹೊರಬರುತ್ತದೆ. ಟವೆಲ್ ಬದಲಿಸುತ್ತಾ ಇರಬೇಕು. ತಗ್ಗುಗಳಿಗೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ಮರ ಉಬ್ಬಿ ಮೇಲೇಳುತ್ತದೆ. ನಾರು ತುಂಡಾಗಿದ್ದರೆ ಏಳುವುದಿಲ್ಲ, ಅದನ್ನು ಬಿಟ್ಟುಬಿಡಿ. ಯುದ್ಧ ನೋಡಿದ ಮರಕ್ಕೆ ಗಾಯ ಇರಲಿ.

ಇನ್ನು ಬಲಗಡೆಯ ಡ್ರಾ. ಮೊದಲು ಆ ಜಾಗಕ್ಕೆ ಅಸಿಟೋನ್ ಹಾಕಿ ಹಾಕಿ ಎಣ್ಣೆ ಎಳೆದೆ. ಎಣ್ಣೆ ಇದ್ದರೆ ಅಂಟು ಹಿಡಿಯುವುದಿಲ್ಲ. ಆಮೇಲೆ ಕಾಲಿಂಚಿನ ಚೂಪಾದ ಉಳಿಯಿಂದ ಮೆತ್ತಗಾದ ಮರವನ್ನು ಚೌಕವಾಗಿ ತೆಗೆದೆ. ಗಟ್ಟಿ ಮರ ಬಂದ ಕೂಡಲೇ ಉಳಿಯ ಸದ್ದು ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ತೇಪೆಗೆ ಮುರಿದ ಹಳೇ ಬಟ್‌ನ ವಾಲ್‌ನಟ್ ಚೂರು. ಅದರ ನಾರು ಏಟು ಬರುವ ದಿಕ್ಕಿಗೆ ನೇರ ಇರಬೇಕು, ಅಡ್ಡ ಇಟ್ಟರೆ ಮತ್ತೆ ಕುಸಿಯುತ್ತದೆ. ಎಪಾಕ್ಸಿ ಹಚ್ಚಿ, ಕ್ಲಾಂಪ್ ಹಾಕಿ, ರಾತ್ರಿ ಇಡೀ ಬಿಟ್ಟೆ. ತೇಪೆಯನ್ನು ಬೇಕಾದ್ದಕ್ಕಿಂತ ದಪ್ಪಗೇ ಬಿಡಬೇಕು. ಆಮೇಲೆ ಶುರುವಾಗುವುದು ತಾಳ್ಮೆಯ ಕೆಲಸ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ರಿಸೀವರ್‌ನ ಕಬ್ಬಿಣಕ್ಕೆ ತೆಳ್ಳಗೆ ಬಳಿಯುವುದು, ಮರ ಒತ್ತಿ ಕೂರಿಸುವುದು, ಬಿಚ್ಚುವುದು, ಕಪ್ಪು ಹತ್ತಿದ ಕಡೆ ಮಾತ್ರ ಅರದಿಂದ ಒಂದೆರಡು ಸಲ ಎಳೆಯುವುದು. ಮತ್ತೆ ಬಳಿಯುವುದು. ಎರಡೂ ಕಡೆ ಕಪ್ಪು ಸಮವಾಗಿ ಹತ್ತುವ ತನಕ ಇದೇ. ನಮ್ಮೂರ ಬಡಗಿಗಳು ಬಾಗಿಲು ಚೌಕಟ್ಟಿಗೆ ಕೂರಿಸುವಾಗ ಅವಸರ ಮಾಡುವವರನ್ನು ಯಾಕೆ ಗದರುತ್ತಿದ್ದರು ಅಂತ ಈಗ ಅರ್ಥವಾಯಿತು.

ಬಿಚ್ಚುವಾಗ ಒಂದು ಎಚ್ಚರ. ಬಟ್ ಹಿಡಿದಿರುವ ಉದ್ದ ಬೋಲ್ಟಿನ ಮುಂತುದಿ ಚೌಕಾಕಾರ, ಅದು ಫೋರೆಂಡ್‌ನ ಹಿಂಬದಿಯಲ್ಲಿರುವ ಲೋಹದ ತಟ್ಟೆಯ ಕಚ್ಚಿನಲ್ಲಿ ಕೂತಿರುತ್ತದೆ. ಮೊದಲು ಫೋರೆಂಡ್ ತೆಗೆಯದೆ ಬಟ್ ಬೋಲ್ಟ್ ತಿರುಗಿಸಿದರೆ ಆ ಚೌಕ ತಿರುಗಿ ಮರವನ್ನು ಒಳಗಿಂದ ಸೀಳುತ್ತದೆ. ಶೋಗಳಲ್ಲಿ ಕಾಣುವ ಹಿಂತುದಿ ಒಡೆದ ಮರಗಳಲ್ಲಿ ಎಷ್ಟೋ ಹೀಗೆ ಸತ್ತವು.

ಕೊನೆಗೆ ಅಗಸೆ ಎಣ್ಣೆ. ಮಿಲಿಟರಿಯಲ್ಲಿ ಹಚ್ಚುತ್ತಿದ್ದದ್ದೂ ಅದೇ. ಕೈಯಿಂದಲೇ ತೆಳ್ಳಗೆ ತಿಕ್ಕಬೇಕು, ಹದಿನೈದು ನಿಮಿಷ ಬಿಟ್ಟು ಹೆಚ್ಚಿದ್ದನ್ನು ಒರೆಸಬೇಕು. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ವಾರ್ನಿಷ್ ಬೇಡವೇ ಬೇಡ. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ಮೂಗೆಳೆದು, "ಏನ್ರೀ ಅಳಿಯಂದ್ರ, ಅಗಸಿ ಚಟ್ನಿ ಮಾಡ್ಲಿಕ್ಕತ್ತೀರೇನು?" ಅಂದರು. ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಡಬ್ಬಕ್ಕೆ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

ಜೋಡಿಸಿದ ಮೇಲೆ ಟ್ರಿಗರ್ ಎಳೆತ ಮೊದಲಿಗಿಂತ ಬೇರೆ ಅನಿಸಿತು. ಅದೇನೂ ದೆವ್ವ ಅಲ್ಲ. ಈ ಮಾದರಿಯಲ್ಲಿ ಟ್ರಿಗರ್ ನೇತಾಡುವುದು ಟ್ರಿಗರ್ ಗಾರ್ಡ್‌ನಿಂದ, ಗಾರ್ಡ್ ಕೂರುವುದು ಮರದ ಮೇಲೆ. ಮರ ಒಂದು ಕೂದಲೆಳೆ ಆಚೀಚೆ ಆದರೂ ಬೆರಳಿಗೆ ಗೊತ್ತಾಗುತ್ತದೆ. ಬೋಲ್ಟ್ ಮತ್ತು ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಕಾರ್ಟ್ರಿಜ್ ಕೂರುವ ಜಾಗಕ್ಕೂ ಇರುವ ಅಳತೆ) ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಗೇಜ್ ಇರುವ ಗನ್‌ಸ್ಮಿತ್ ನೋಡಿ ಸರಿ ಅಂದ ಮೇಲೇ ರೇಂಜಿಗೆ ಒಯ್ದದ್ದು.

ಹೊಸ ಕಾರ್ಟ್ರಿಜ್‌ಗಳನ್ನೇ ಬಳಸಿದೆ, ಯಾಕೆಂದರೆ ಹಳೇ ಮಿಲಿಟರಿ .303 ಮದ್ದಿನ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಕೊಡುವ ಭಾಗ, ಬ್ಯಾರಲ್ಲನ್ನು ತುಕ್ಕು ಹಿಡಿಸುತ್ತದೆ. ನೂರು ಗಜದಲ್ಲಿ ಐದು ಗುಂಡು ಒಂದು ಅಂಗೈ ಅಗಲದಲ್ಲಿ ಬಿದ್ದವು, ಗುರಿಗಿಂತ ಸ್ವಲ್ಪ ಎಡಕ್ಕೆ. ಮನೆಗೆ ಬಂದು ಫೋರೆಂಡ್ ಬಿಚ್ಚಿ ನೋಡಿದೆ. ತೇಪೆ ಅಲುಗಿರಲಿಲ್ಲ, ಎರಡೂ ಡ್ರಾಗಳ ಮೇಲೆ ಕಬ್ಬಿಣದ ಒತ್ತು ಒಂದೇ ಅಗಲ ಇತ್ತು. ಎಡಕ್ಕೆ ಬೀಳುವುದನ್ನು ಮುಂದಿನ ಸೈಟಿನ ಬ್ಲೇಡನ್ನು ಕೂದಲಷ್ಟು ಎಡಕ್ಕೆ ಸರಿಸಿ ತಿದ್ದಬಹುದು. ಅದಕ್ಕೆ ಬೇಕಾದ ಸೈಟ್ ತಳ್ಳುವ ಹಳೇ ಉಪಕರಣ ನನ್ನ ಹತ್ತಿರ ಇಲ್ಲ. ಏಪ್ರಿಲ್‌ನಲ್ಲಿ ಟಲ್ಸಾದ ಯಾವುದಾದರೂ ಟೇಬಲ್ ಕೆಳಗೆ ಇದ್ದೀತು.