ಪುಣೆಯ ಕನ್ನಡ ಕೂಲಿಕಾರರ ನಡುವೆ ಕಾನೂನು ನೆರವಿನ ಕೆಲಸ: ಕಾರ್ಯಕರ್ತರಿಗೊಂದು ಕೈಪಿಡಿ

ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಪುಣೆಗೆ ಬಂದು ಕಟ್ಟಡ ಕೆಲಸ ಮಾಡುವವರಲ್ಲಿ ಅನೇಕರು ಮರಾಠಿಯಲ್ಲಿ ಮಾತಾಡಬಲ್ಲರು, ಆದರೆ ಮರಾಠಿ ಕಾಗದವನ್ನು ಓದಲಾರರು. ಅವರ ನಡುವೆ ಕಾನೂನು ನೆರವಿನ ಕೆಲಸ ಮಾಡಬಯಸುವವರು ಮೊದಲು ತಮ್ಮ ಮಿತಿಯನ್ನು ಅರಿತಿರಬೇಕು. 1961ರ ವಕೀಲರ ಅಧಿನಿಯಮದಂತೆ ವಕೀಲಿ ನಡೆಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ ಇದೆ. ಕಾರ್ಯಕರ್ತರ ಪಾಲಿನದು ಅದಕ್ಕೂ ಮುಂಚಿನ ಕೆಲಸ: ಕೇಳಿಸಿಕೊಳ್ಳುವುದು, ಬರೆದಿಡುವುದು, ದಾಖಲೆ ಕೂಡಿಸುವುದು, ಸರಿಯಾದ ಕಚೇರಿಗೆ ಜೊತೆಯಾಗಿ ಹೋಗುವುದು. ಉಚಿತ ಕಾನೂನು ನೆರವು ಒದಗಿಸುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಪ್ಯಾರಾ ಲೀಗಲ್ ಸ್ವಯಂಸೇವಕರನ್ನು, ಅಂದರೆ ಇಂಥ ಕೆಲಸದಲ್ಲಿ ಜನರಿಗೆ ನೆರವಾಗುವವರನ್ನು, ಆರಿಸಿ ತರಬೇತಿ ಕೊಡುತ್ತದೆ. ಅಲ್ಲಿ ಹೆಸರು ನೋಂದಾಯಿಸಿಕೊಂಡೇ ಕೆಲಸಕ್ಕಿಳಿಯುವುದು ಲೇಸು.

ಕೂಲಿಕಾರರು ಬೆಳಿಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾದಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಪಗಾರದ್ದು. ಕೆಲಸಗಾರರು ಹೇಳುವುದನ್ನು ಅದೇ ದಿನ, ಅವರದೇ ಕನ್ನಡದಲ್ಲಿ ಬರೆದುಕೊಳ್ಳಿ. ಯಾವ ಸೈಟು, ಯಾವ ಠೇಕೇದಾರ, ಯಾರು ಹಾಜರಿ ಹಾಕುತ್ತಿದ್ದರು, ದಿನಕ್ಕೆ ಎಷ್ಟು ಮಾತಾಗಿತ್ತು, ಖರ್ಚಿಗೆಂದು ಎಷ್ಟು ಕೊಟ್ಟಿದ್ದಾರೆ ಎಂಬುದೆಲ್ಲ ಬರಹದಲ್ಲಿರಲಿ. ತಾರೀಖು ನೆನಪಿಲ್ಲದವರಿಗೆ ಹಬ್ಬ, ಜಾತ್ರೆ, ಸ್ಲ್ಯಾಬ್ ಹಾಕಿದ ದಿನ ನೆನಪಿರುತ್ತದೆ. ಅದರಿಂದ ತಾರೀಖನ್ನು ಗೊತ್ತುಮಾಡಬಹುದು. ಹಾಜರಿ ಡೈರಿ, ಸೈಟಿನ ಗೇಟ್ ಪಾಸು, ಫೋನಿನಲ್ಲಿ ಬಂದ ಹಣದ ಸಂದೇಶ, ಠೇಕೇದಾರನ ಧ್ವನಿಸಂದೇಶ ಇವು ಸಾಕ್ಷ್ಯಕ್ಕೆ ಬರುತ್ತವೆ, ಆದ್ದರಿಂದ ಒಂದನ್ನೂ ಅಳಿಸಬಾರದೆಂದು ತಿಳಿಸಿ ಹೇಳಿ. ಸೈಟಿನ ಫಲಕದ ಮೇಲಿನ ಬಿಲ್ಡರ್ ಹೆಸರನ್ನು ತಪ್ಪದೆ ಬರೆದುಕೊಳ್ಳಿ, ಏಕೆಂದರೆ ಠೇಕೇದಾರ ಕೈಯೆತ್ತಿದರೆ ಬಾಕಿ ಕೂಲಿಯ ಹೊಣೆ ಮುಖ್ಯ ಮಾಲೀಕರ ಮೇಲೆ ಬರುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ.

ಮುಂಗಡ ತೀರುವ ತನಕ ಊರಿಗೆ ಬಿಡುವುದಿಲ್ಲ ಎಂಬ ಮಾತು ಕೇಳಿಬಂದರೆ ಅದನ್ನು ಬರಿಯ ಕೂಲಿ ಜಗಳವೆಂದು ಬಗೆಯಬೇಡಿ. ಅದು 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಯ ವಿಷಯವಾಗಬಹುದು. ಕೂಡಲೇ ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಡಿಸಿ. ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಈ ಕಾಯ್ದೆ ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ. ಕಾಗದಪತ್ರವಿಲ್ಲದ ಬಡವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲವೆಂದೇ ನನ್ನ ನಂಬಿಕೆ.

ಅರ್ಜಿಯನ್ನು ಮರಾಠಿಗೆ ತಂದ ಮೇಲೆ ಅದರಲ್ಲಿರುವುದನ್ನು ಅರ್ಜಿದಾರರಿಗೆ ಕನ್ನಡದಲ್ಲಿ ಪೂರ್ತಿ ತಿಳಿಸಿ, ಅವರು ಒಪ್ಪಿದ ಬಳಿಕವಷ್ಟೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. ಕಚೇರಿಯಲ್ಲಿ ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ಆವಕ ಸಂಖ್ಯೆ (ಅರ್ಜಿ ಬಂದದ್ದಕ್ಕೆ ಕಚೇರಿ ಕೊಡುವ ಸಂಖ್ಯೆ) ಹಾಕಿಸಿಕೊಳ್ಳದೆ ಹೊರಬರಬೇಡಿ. ಮೂಲ ದಾಖಲೆಗಳನ್ನು ಯಾರಿಗೂ ಬಿಟ್ಟುಕೊಡಬೇಡಿ, ನೀವೂ ಇಟ್ಟುಕೊಳ್ಳಬೇಡಿ.

ಉಚಿತ ವಕೀಲರನ್ನು ಪಡೆಯುವಾಗ ಆಗುವ ತಪ್ಪೊಂದಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಹೀಗಿರುವಾಗ ಗಂಡನಿಂದ ಹೊಡೆತ ತಿಂದು ಬಂದ ಹೆಣ್ಣುಮಗಳನ್ನು ಆದಾಯದ ದಾಖಲೆಗೆಂದು ತಹಶೀಲ್ದಾರ್ ಕಚೇರಿಗೆ ಅಲೆಸುವುದು ಅನ್ಯಾಯ. ಮಾಹಿತಿಗೆ ಕಾನೂನು ನೆರವಿನ ಸಹಾಯವಾಣಿ 15100 ಸಂಖ್ಯೆಗೆ ಕರೆ ಮಾಡಬಹುದು.

ರಾಜಿಯಿಂದ ವ್ಯಾಜ್ಯ ಮುಗಿಸುವ ಲೋಕ ಅದಾಲತಿಗೆ ಪ್ರಕರಣ ಬಂದಾಗ ಎಚ್ಚರ ಬೇಕು. ಅಲ್ಲಿ ಒಪ್ಪಿಕೊಂಡದ್ದಕ್ಕೆ ಮೇಲ್ಮನವಿ ಇಲ್ಲ. ಎಷ್ಟು ಹಣ, ಯಾವ ತಾರೀಖಿಗೆ, ಯಾರಿಂದ ಎಂಬ ಮೂರನ್ನೂ ಕೇಳಿ ತಿಳಿದ ಮೇಲೆ ಕೂಲಿಕಾರರು ಬೇಡವೆಂದರೆ ಅವರನ್ನು ಒತ್ತಾಯಿಸಬೇಡಿ. ಕೋರ್ಟಿನಿಂದ ಬಂದ ಪ್ರಕರಣ ರಾಜಿಯಾಗದಿದ್ದರೆ ಅದೇ ಕೋರ್ಟಿಗೆ ಮರಳಿ ಹೋಗಿ, ನಿಂತಿದ್ದ ಹಂತದಿಂದಲೇ ಮುಂದುವರಿಯುತ್ತದೆ.