ಫೆಂಗಲ್ ಮಳೆಯಲ್ಲಿ ಮೂರು ದಿನ ಹೊಸ್ತಿಲ ಒಳಗೆ

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿತು. ಕಡಲಿಂದ ಇಷ್ಟು ದೂರವಿರುವ ಮಂಡ್ಯಕ್ಕೆ ಅದರಿಂದ ಏನಾದೀತು ಎಂದು ನಮ್ಮೂರಿನಲ್ಲಿ ಹಲವರು ಅಂದರು. ಬಂಗಾಳ ಕೊಲ್ಲಿಯ ಚಂಡಮಾರುತ ನೆಲ ಹತ್ತಿದ ಮೇಲೆ ಗಾಳಿಯ ಬಲವನ್ನು ಕಳೆದುಕೊಂಡರೂ ಮಳೆಯನ್ನು ಹೊತ್ತುಕೊಂಡೇ ಪಶ್ಚಿಮಕ್ಕೆ ಸರಿಯುವುದುಂಟು. ತಮಿಳುನಾಡು ದಾಟಿದರೆ ಮುಂದಿರುವುದು ನಮ್ಮ ದಕ್ಷಿಣ ಒಳನಾಡು. ಕಾರ್ತಿಕ ಅಮಾವಾಸ್ಯೆಯ ಭಾನುವಾರ ಹಿಡಿದ ಜಡಿಮಳೆ ಮೂರು ದಿನ ನಮ್ಮನ್ನು ಮನೆಯೊಳಗೇ ಕೂರಿಸಿತು.

ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ, ಬಹುಕಾಲದ ಉಬ್ಬಸ. ಆದ್ದರಿಂದ ಶನಿವಾರವೇ ನಾನು ಮಾಡಿದ ಮೊದಲ ಕೆಲಸ ತಾರಸಿಯ ಮೇಲಿನ ಟ್ಯಾಂಕನ್ನು ತುಂಬಿಸಿದ್ದು, ಏಕೆಂದರೆ ಕರೆಂಟು ಹೋದರೆ ಮೋಟಾರು ತಿರುಗದು, ಸಂಪಿನಲ್ಲಿ ನೀರಿದ್ದೂ ಕೊಡ ಹಿಡಿದು ಮಳೆಯಲ್ಲಿ ನಿಲ್ಲಬೇಕಾಗುತ್ತದೆ. ತಾಯಿಯ ಔಷಧಿಯನ್ನು ಹತ್ತು ದಿನಕ್ಕಾಗುವಷ್ಟು ತಂದಿಟ್ಟೆ. ಸಂಜೆ ಹೊತ್ತಿಗೆ ಹೊಲದ ರಾಗಿ ಮೆದೆಗೆ ಟಾರ್ಪಾಲು ಹೊದಿಸಿ ನಾಲ್ಕೂ ಮೂಲೆಗೆ ಕಲ್ಲು ಹೇರಿ ಬಂದೆ. ಅಡುಗೆಗೆ ಚಿಂತೆಯಿರಲಿಲ್ಲ, ರಾಗಿಹಿಟ್ಟು, ಹುರುಳಿಕಾಳು, ಒಂದು ಬುಟ್ಟಿ ಸೊಗಡವರೆ ಮನೆಯಲ್ಲೇ ಇದ್ದವು.

ನಮ್ಮ ಮನೆಯ ಮುಂಭಾಗ ಹಂಚಿನದು, ಹಿಂಭಾಗ ತಾರಸಿ. ಭಾನುವಾರ ರಾತ್ರಿ ಕರೆಂಟು ಹೋದ ಮೇಲೆ ನಾವು ನಾಲ್ವರೂ ತಾರಸಿಯ ಕೆಳಗಿನ ಒಂದೇ ಕೋಣೆಗೆ ಸೇರಿಕೊಂಡೆವು. ಇನ್ವರ್ಟರ್ ಇದ್ದರೂ ಫ್ಯಾನು, ಟಿವಿಗಳ ತಂತಿಯನ್ನು ಕಿತ್ತು, ಒಂದು ದೀಪಕ್ಕೂ ತಾಯಿಯ ನೆಬುಲೈಸರಿಗೂ ಮಾತ್ರ ಅದನ್ನು ಮೀಸಲಿಟ್ಟೆ. ಆ ನಿರ್ಧಾರದಿಂದಲೇ ಸೋಮವಾರ ರಾತ್ರಿ ಅವರಿಗೆ ಉಸಿರು ಕಟ್ಟಿದಾಗ ಯಂತ್ರ ಓಡಿತು.

ಚಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಕಡೆ ಮಾಗಿಯ ಚಳಿ ಎಷ್ಟೇ ಇದ್ದರೂ ಹೊತ್ತು ಏರಿದ ಹಾಗೆ ಬಿಸಿಲು ಬಂದು ಅದನ್ನು ಮುರಿಯುತ್ತದೆ. ಈ ಮೂರು ದಿನ ಬಿಸಿಲೇ ಇರಲಿಲ್ಲವಾದ್ದರಿಂದ ನೆಲ, ಗೋಡೆ, ಹಾಸಿಗೆ ಎಲ್ಲವೂ ತೇವ ಹಿಡಿದು, ಹಗಲಿಗೂ ರಾತ್ರಿಗೂ ವ್ಯತ್ಯಾಸವಿಲ್ಲದ ಥಂಡಿ ಕೂತುಬಿಟ್ಟಿತು. ತಾಯಿ ತಮ್ಮ ಕಾಲದ ರೂಢಿಯಂತೆ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಕೋಣೆಯೊಳಗೆ ತರಲು ಹೇಳಿದರು. ಅವರ ಮಾತನ್ನು ನಾನು ಮೀರುವುದು ಅಪರೂಪ, ಆದರೂ ಅಂದು ಒಪ್ಪಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿದ್ದವರಿಗೆ ಅದು ತಿಳಿಯುವುದೇ ಇಲ್ಲ. ಅದರ ಬದಲು ನೀರು ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿ, ಟವಲು ಸುತ್ತಿ ಅವರ ಪಾದದ ಬಳಿ ಇಟ್ಟೆ. ಗೋಣಿಚೀಲಗಳನ್ನು ನೆಲಕ್ಕೆ ಹಾಸಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಹಾಸಿಗೆ ಹಾಕಿದ ಮೇಲೆ ಕೆಳಗಿನ ಶೀತ ಬಹಳಷ್ಟು ನಿಂತಿತು. ಗಾಳಿಯಾಡಲೆಂದು ಕಿಟಕಿಯ ಒಂದು ಕದವನ್ನು ಬೆರಳಗಲ ತೆರೆದೇ ಇಟ್ಟಿದ್ದೆವು.

ಅತ್ಯಂತ ಕಷ್ಟವಾದದ್ದು ಸೋಮವಾರದ ರಾತ್ರಿ. ಟಾರ್ಪಾಲಿನ ಒಂದು ಮೂಲೆ ಎದ್ದು ಪಟಪಟನೆ ಬಡಿಯುವ ಸದ್ದು ಹಿತ್ತಿಲ ಬಾಗಿಲಿಗೆ ಕೇಳಿಸುತ್ತಿತ್ತು. ಒಂದು ವರ್ಷದ ಅನ್ನ ಅಲ್ಲಿ ನೆನೆಯುತ್ತಿದೆ ಎಂದು ಬ್ಯಾಟರಿ ಹಿಡಿದು ಬಾಗಿಲ ಅಗುಳಿ ತೆಗೆದೂ ಆಗಿತ್ತು. ಹೊಲಕ್ಕೆ ಹೋಗುವ ಬದುವಿನ ಉದ್ದಕ್ಕೂ ಪಂಪ್‌ಸೆಟ್ಟಿನ ತಂತಿಗಳಿವೆ, ಮಳೆಯ ಕತ್ತಲಲ್ಲಿ ಬಿದ್ದ ತಂತಿ ಕಾಣುವುದಿಲ್ಲ, ಕರೆಂಟು ಯಾವ ಗಳಿಗೆಯಲ್ಲಾದರೂ ಮರಳಿ ಬರಬಹುದು. ನನ್ನ ಹೆಂಡತಿ ಏನೂ ಹೇಳದೆ ಬಂದು ಅಗುಳಿಯನ್ನು ಮತ್ತೆ ಹಾಕಿದಳು. ಬೆಳಗಾಗುವವರೆಗೆ ಆ ಸದ್ದನ್ನು ಕೇಳುತ್ತಲೇ ಕುಳಿತಿದ್ದೆ.

ಮಳೆ ಬಿಟ್ಟು ಬಿಸಿಲು ಕಂಡ ದಿನ ತಾಯಿಯನ್ನು ಜಗಲಿಯ ಮೇಲೆ ಕೂರಿಸಿ, ಮೆದೆಯನ್ನು ಬಿಚ್ಚಿದೆವು. ಟಾರ್ಪಾಲು ಎದ್ದಿದ್ದ ಕಡೆಯ ಹೊರೆಗಳಲ್ಲಿ ತೆನೆಯ ಒಳಮಡಿಕೆಯಿಂದ ಬಿಳಿಯ ಮೊಳಕೆಗಳು ಇಣುಕಿದ್ದವು. ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಅವನ್ನು ಬೇರೆ ತೆಗೆದು ಹಸುವಿಗೆ ಹಾಕಿ, ಉಳಿದದ್ದನ್ನು ಕಣದಲ್ಲಿ ಹರಡಿದೆವು.