ನಾಳೆ ನದಿ ಮೇಲೆ ಮಂಜು ಕವಿಯುತ್ತಾ? ಸ್ಟೀಲ್ ಲೋಟದಲ್ಲಿ ನೋಡಿ

ಪ್ರತಿ ಡಿಸೆಂಬರ್‌ನಲ್ಲೂ ಇದೇ ಕಥೆ. ಮಂಜಿನ ಫೋಟೊ ಬೇಕು ಅಂತ ರಾತ್ರಿ ಮೂರಕ್ಕೆ ಬೆಂಗಳೂರು ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋಗುತ್ತಾರೆ, ಅಲ್ಲಿ ಕಾವೇರಿ ಮೇಲೆ ಒಂದೆಳೆ ಮಂಜೂ ಇರುವುದಿಲ್ಲ. ಚಳಿ ಇತ್ತಲ್ಲ ಅನ್ನುತ್ತಾರೆ. ಚಳಿ ಒಂದೇ ಸಾಲದು, ಗಾಳಿಯಲ್ಲಿ ತೇವವೂ ಇರಬೇಕು.

ಮೊದಲು ಆಕಾಶ. ರಾತ್ರಿ ನಕ್ಷತ್ರ ಚೆನ್ನಾಗಿ ಕಾಣಬೇಕು. ಮೋಡವಿದ್ದರೆ ಅದು ಕಂಬಳಿ ಹೊದಿಸಿದ ಹಾಗೆ, ನೆಲದ ಬಿಸಿ ಮೇಲೆ ಹೋಗುವುದಿಲ್ಲ. ಹಿಂದಿನ ದಿನ ಮಳೆ ಬಂದು ಆಮೇಲೆ ಬಾನು ತೆರೆದಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಹನಿಯಾಗುವ ಉಷ್ಣಾಂಶ. ಎಲ್ಲರೂ ಎಡವುವುದು ಇಲ್ಲೇ. ತೆಳು ಸ್ಟೀಲ್ ಲೋಟದಲ್ಲಿ ಅರ್ಧದಷ್ಟು ನಲ್ಲಿ ನೀರು ಹಾಕಿ, ನದಿ ಹತ್ತಿರವೇ ಹೊರಗಿಡಿ. ಐಸನ್ನು ಪುಡಿ ಮಾಡಿ ಚೂರುಚೂರೇ ಹಾಕಿ, ಕಲಕುತ್ತಾ ಇರಿ. ಲೋಟದ ಹೊರಮೈ ಮಬ್ಬಾದ ಕ್ಷಣದಲ್ಲಿ ನೀರು ಎಷ್ಟು ಡಿಗ್ರಿ ಇದೆ, ಅದೇ ಉತ್ತರ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಅಲ್ಲೇ ಇರುವ ನಮ್ಮ ಭಾವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಟ್ಟೆ. ಅವರು ಫ್ರಿಜ್ ನೀರನ್ನೇ ಸುರಿದು, ಬಗ್ಗಿ ನೋಡುತ್ತಾ ಲೋಟದ ಮೇಲೆ ಉಸಿರೂ ಬಿಟ್ಟು, "ಆಗಲೇ ಬೆವರಿಬಿಡ್ತು ಕಣೋ" ಅಂದರು! ಇಂಥ ಲೆಕ್ಕ ಕೆಲಸಕ್ಕೆ ಬರಲ್ಲ. ಇದಕ್ಕೆ ಅಂತ ಸುಮ್ನೆ ಅಗ್ಗದ ಡಿಜಿಟಲ್ ಮೀಟರ್ ಕೊಳ್ಳಬೇಡಿ. ನಾನು ತರಿಸಿದ ಎರಡು ಒಂದೇ ಮೇಜಿನ ಮೇಲೆ ಬೇರೆ ಬೇರೆ ಅಂಕಿ ತೋರಿಸಿದವು.

ಲೋಟ 16 ಡಿಗ್ರಿ ಹೇಳಿತು ಅಂದುಕೊಳ್ಳಿ. ರಾತ್ರಿಯ ಕನಿಷ್ಠ ಉಷ್ಣಾಂಶದ ಮುನ್ಸೂಚನೆ 14 ಇದ್ದರೆ ಹೊರಡಿ, 18 ಇದ್ದರೆ ಮಲಗಿ. ಎರಡೂ ಸಮ ಇದ್ದರೆ ನಾನಂತೂ ಹೋಗಲ್ಲ, ಯಾಕೆಂದರೆ ಇಬ್ಬನಿ ಬಿದ್ದು ಗಾಳಿಯ ತೇವ ಸ್ವಲ್ಪ ಕಡಿಮೆಯಾಗಿರುತ್ತದೆ.

ಗಾಳಿಗೆ ಒಂದು ಊದುಬತ್ತಿ ಸಾಕು. ಹೊಗೆ ನಿಧಾನವಾಗಿ ವಾಲಬೇಕು. ಜೋರಾಗಿ ಹಾರಿದರೆ ಮಂಜು ಚದುರುತ್ತದೆ, ಕಡ್ಡಿ ನೆಟ್ಟ ಹಾಗೆ ನೆಟ್ಟಗೆ ಹೋದರೆ ಬರೀ ಇಬ್ಬನಿ ಬಿದ್ದು ಮುಗಿಯುವುದೇ ಜಾಸ್ತಿ.

ನದಿಯೇ ಯಾಕೆ? ತಣ್ಣನೆ ಗಾಳಿ ಭಾರ, ಅದು ತಗ್ಗಿಗೆ ಜಾರಿ ನದಿ ಪಾತ್ರದಲ್ಲಿ ಕೂರುತ್ತದೆ. ನೀರು ನೆಲದಷ್ಟು ಬೇಗ ತಣ್ಣಗಾಗುವುದಿಲ್ಲ. ಅದರಿಂದ ಏಳುವ ಆವಿ ಆ ತಂಪಿಗೆ ಸಿಕ್ಕಿ, ಹಂಡೆ ನೀರು ಕಾದಾಗ ಹೊಗೆಯಾಡುತ್ತದಲ್ಲ, ಹಾಗೇ ಕಾಣುತ್ತದೆ. ನಂದಿ ಬೆಟ್ಟದ ಲೆಕ್ಕ ಬೇರೆ, ಅಲ್ಲಿ ಎಷ್ಟೋ ಸಲ ನೀವು ಮೋಡದೊಳಗೇ ನಿಂತಿರುತ್ತೀರಿ.

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ದಡದಲ್ಲಿರಿ. ಬೆಳಕಾದ ತಕ್ಷಣ ಮಂಜು ಇನ್ನಷ್ಟು ದಟ್ಟವಾಗುವುದೂ ಉಂಟು, ಹೋಯಿತು ಅಂತ ಕಾರು ತಿರುಗಿಸಬೇಡಿ. ಗಾಡಿ ಓಡಿಸುವಾಗ ಲೋ ಬೀಮ್ ಇರಲಿ. ಹೈ ಬೀಮ್ ಹಾಕಿದರೆ ಬೆಳಕು ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.